ಬದನಿಕೆಗೆ ಕಟ್ಟಿದ ಮಾವಿನ ಪಟ್ಟೆ

ಆಗ ನನಗೆ ಅರವತ್ತೇಳು. ಇದು ನಡೆದು ಮೂರು ವರ್ಷ ಆಯ್ತು. ನಾನು ಮಾಡಿದ ತಪ್ಪಿಗೆ ಯಾರೂ ನನ್ನ ಬೈಯಲಿಲ್ಲ. ಬೈದಿದ್ದರೆ ಇದನ್ನ ಬರೆಯೋ ಅಗತ್ಯ ಬೀಳ್ತಿರಲಿಲ್ಲ, ಬೈಸಿಕೊಂಡು ಮರೆತುಬಿಡ್ತಿದ್ದೆ. ಕನ್ನಡ ಸ್ಕೂಲಿನಲ್ಲಿ ಮೂರನೇ ಕ್ಲಾಸು ಮುಗಿಸಿದೋಳು ನಾನು, ಒತ್ತು ದೀರ್ಘ ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಅಂತ ಹೇಳಿದ್ದೀನಿ.

ಉದ್ದನಪಲ್ಲಿಯಿಂದ ಹೊಸೂರಿಗೆ ಹೋಗೋ ದಾರಿಯಲ್ಲಿ ಒಂದು ಸೊಪ್ಪಿನ ಕಂಪನಿ ಇದೆ. ಅದರ ಹೆಸರು ಇಂಗ್ಲಿಷಿನಲ್ಲಿದೆ, ನಾವೆಲ್ಲ ಸೊಪ್ಪಿನ ಕಂಪನಿ ಅಂತಲೇ ಅನ್ನೋದು. ಗಿಡಮೂಲಿಕೆ ತರಿಸಿ, ಒಣಗಿಸಿ, ಪುಡಿ ಮಾಡಿ, ಅದರ ಸತ್ವ ಇಳಿಸಿ ಔಷಧಿ ಮಾಡೋರಿಗೆ ಮಾರ್ತಾರೆ. ನಾನು ಒಣಗಿಸೋ ಶೆಡ್ಡಿನಲ್ಲಿ ಸೊಪ್ಪು ಹಸನು ಮಾಡ್ತಿದ್ದೆ. ಆ ವರ್ಷ ಬದನಿಕೆ ಕೆಲಸ ಬಂತು.

ಬದನಿಕೆ ಅಂದರೆ ಬಂದಳಿಕೆ. ಮಾವು, ಹೊಂಗೆ, ಬೇವು, ಯಾವ ಮರದ ಕೊಂಬೆ ಮೇಲಾದರೂ ಹುಟ್ಟಿ ಅದರ ರಸ ಕುಡಿದು ಬದುಕೋ ಗಿಡ. ತಮಿಳೋರು ಪುಲ್ಲುರುವಿ ಅಂತಾರೆ. ಕೃಷ್ಣಗಿರಿ ಕಡೆ ಮಾವಿನ ತೋಟದೋರು ಅದನ್ನ ಕಂಡರೆ ಹಲ್ಲು ಕಡೀತಾರೆ. ನಮ್ಮ ಮನೇಲಿ ಅದು ಔಷಧಿ. ನಮ್ಮತ್ತೆ ಮೈಕೈ ಊತಕ್ಕೆ, ಬಾಣಂತಿ ಸೊಂಟನೋವಿಗೆ ಕೊಡ್ತಿದ್ದಳು. ಅವಳು ಸತ್ತಮೇಲೆ ನಾನು ಕೊಡ್ತಿದ್ದೆ. ಅದು ಹೇಗೋ ಕಂಪನಿ ಮ್ಯಾನೇಜರಿಗೆ ಗೊತ್ತಾಗಿ ಒಂದಿನ ಶೆಡ್ಡಿಗೆ ಬಂದ.

"ಏನವ್ವಾ, ನಿಂಗೆ ಬದನಿಕೆ ಗೊತ್ತಂತೆ?"

"ಗೊತ್ತಿರೋದ್ರಲ್ಲಿ ಅದೂ ಒಂದು ಸಾರ್" ಅಂದೆ.

ಆ ಮಾತು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ.

ಬೇರಿಕೆಯಿಂದ ಕೆಲಸಕ್ಕೆ ಬರೋ ತೆಲುಗಿನಾಕೆ ಒಬ್ಬಳು ನನ್ನ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸ್ತಿದ್ದಳು. ಮ್ಯಾನೇಜರು ಅತ್ತ ಹೋಗ್ತಲೂ, "ಅಕ್ಕಾ, ಇನ್ಮೇಲೆ ನಿನ್ನ ಕುರ್ಚಿ ಮೇಲೆ ಕುಂಡ್ರುಸ್ತಾರೆ. ನಮ್ಮ ಕಡೆ ನೋಡ್ತೀಯೋ ಇಲ್ವೋ?" ಅಂತ ನಕ್ಕಳು. "ಮೊದ್ಲು ನಿನ್ನ ಬುಟ್ಟಿ ನೋಡ್ಕೊ, ಅರ್ಧ ಕಸ ಅದೆ" ಅಂದೆ. ನನ್ನ ಬಾಯೇ ಹಂಗೆ.

ಲ್ಯಾಬಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಧರ್ಮಪುರಿ ಕಡೆಯೋಳು, ತಮಿಳಿನೋಳು. ಓದು ಮುಗಿಸಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಈ ಬದನಿಕೆ ಕೆಲಸ ಸರಿಯಾಗಿ ಮುಗಿಸಿದರೆ ಪರ್ಮನೆಂಟ್ ಮಾಡ್ತೀವಿ ಅಂತ ಅವಳಿಗೆ ಹೇಳಿದ್ದರು. ಅವಳ ಮನೆಯಲ್ಲಿ ಗಂಡು ನೋಡಿ ಇಟ್ಟಿದ್ದರು. ಪರ್ಮನೆಂಟ್ ಆದರೆ ಇರು, ಇಲ್ಲಾಂದರೆ ಗಂಟುಮೂಟೆ ಕಟ್ಟಿಕೊಂಡು ಬಾ, ಮದುವೆ ಮಾಡ್ತೀವಿ ಅಂತ ಅವಳಪ್ಪ ಹಟ ಹಿಡಿದಿದ್ದ. ಇದನ್ನ ಅವಳೇ ನಂಗೆ ಹೇಳಿದ್ದು, ಯಾರದೋ ಮನೆ ಕಥೆ ಹೇಳೋ ಹಂಗೆ ನಗ್ತಾ. ಅವಳು ತಮಿಳಲ್ಲಿ ಮಾತಾಡೋಳು, ನಾನು ಕನ್ನಡದಲ್ಲಿ. ಇಬ್ಬರಿಗೂ ಅರ್ಥ ಆಗ್ತಿತ್ತು. ನನ್ನ ಪಾಟಿ ಅಂತಿದ್ದಳು, ಅಂದರೆ ಅಜ್ಜಿ.

ಅವಳ ಕೆಲಸ ಬದನಿಕೆ ಒಳಗೆ ಏನೇನು ಸಣ್ಣ ಸರಕು ಇದೆ ಅಂತ ಬೇರೆ ಬೇರೆ ಮಾಡಿ ನೋಡೋದು. ಕಣ್ಣಿಗೆ ಕಾಣದಷ್ಟು ಸಣ್ಣದು. ಔಷಧಿ ಗುಣ ಇರೋದು ಸೊಪ್ಪಿನಲ್ಲಲ್ಲ ಪಾಟಿ, ಸೊಪ್ಪಿನೊಳಗಿರೋ ಆ ಸರಕಲ್ಲಿ, ಒಂದೊಂದಕ್ಕೂ ಒಂದೊಂದು ಹೆಸರಿದೆ ಅಂತ ಹೇಳಿಕೊಟ್ಟಳು. ನನ್ನ ಕೆಲಸ ಮಾವಿನ ಬದನಿಕೆ ಒಂದಷ್ಟು, ಹೊಂಗೆ ಬದನಿಕೆ ಒಂದಷ್ಟು ಕಿತ್ತು ತಂದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ ಕೊಡೋದು.

"ಎಲೆ, ಸಣ್ಣ ಕಡ್ಡಿ ಮಾತ್ರ ಪಾಟಿ. ಬೇರೆ ಏನೂ ಸೇರಬಾರದು" ಅಂದಳು.

"ಬೇರೆ ಏನ್ ಸೇರುಸ್ತೀನಮ್ಮಿ? ಉಪ್ಪು ಹುಳೀನಾ?" ಅಂದೆ. ಅವಳು ನಾಚಿಕೊಂಡು, "ಇಲ್ಲ ಪಾಟಿ, ಸುಮ್ನೆ ಹೇಳಿದೆ" ಅಂದಳು.

ಬದನಿಕೆ ಕೀಳೋದಕ್ಕೆ ನಮ್ಮತ್ತೆ ಕಾಲದಿಂದ ಒಂದು ಕ್ರಮ ಇದೆ. ಬಿಸಿಲು ಏರೋದಕ್ಕೆ ಮುಂಚೆ ಹೋಗಬೇಕು. ದೋಟಿ ತುದಿಗೆ ಕುಡುಗೋಲು ಕಟ್ಟಿ ಬದನಿಕೆ ಬುಡಕ್ಕೆ ಹಾಕಿ ಎಳೀಬೇಕು. ಕೆಳಗೆ ಬಟ್ಟೆ ಹಿಡಿದಿರಬೇಕು, ನೆಲ ಮುಟ್ಟಬಾರದು. ಆಮೇಲೆ ಅದೇ ಮರದ ಎಳೆ ಕೊಂಬೆ ಒಂದನ್ನ ಮುರಿದು, ಅದರ ಹಸಿ ಪಟ್ಟೆ, ಅಂದರೆ ತೊಗಟೆ, ಉದ್ದಕ್ಕೆ ಸುಲಿದು, ಆ ಪಟ್ಟೆಯಿಂದಲೇ ಬದನಿಕೆಯನ್ನ ಹಿಡಿ ಹಿಡಿಯಾಗಿ ಸುತ್ತಿ ಕಟ್ಟಬೇಕು. ಮಾವಿನ ಬದನಿಕೆಗೆ ಮಾವಿನ ಪಟ್ಟೆ. ಹೊಂಗೆ ಬದನಿಕೆಗೆ ಹೊಂಗೆ ಪಟ್ಟೆ. ಮಾವಿನ ಪಟ್ಟೆ ಬೇಗ ತುಂಡಾಗುತ್ತೆ, ಅದಕ್ಕೆ ಮೂರು ನಾಕು ಸುತ್ತು ಸುತ್ತಬೇಕು. ಹಂಗೇ ಹಗ್ಗಕ್ಕೆ ನೇತು ಹಾಕಿ ಒಣಗಿಸಬೇಕು. ಒಣಗಿ ಗಲಗಲ ಅಂದಮೇಲೆ ಕುಟ್ಟಬೇಕು. ಪಟ್ಟೆ ಸಮೇತ ಕುಟ್ಟಬೇಕು. ತಾಯಿನ ಬಿಟ್ಟು ಮಗೂನ ಕುಟ್ಟಬಾರದು.

ನಾನು ಹಂಗೇ ಮಾಡಿದೆ. ಕಂಪನಿಯ ಪುಡಿ ಮಿಷನ್ನು ಬಿಸಿಯಾಗುತ್ತೆ, ಬಿಸಿಗೆ ಸತ್ವ ಕೆಡುತ್ತೆ ಅಂತ ಹುಡುಗಿಯೇ ಹೇಳಿದಳು. ಅದಕ್ಕೆ ಶೆಡ್ಡಿನ ಹಿಂದೆ ಕಬ್ಬಿಣದ ಒರಳಲ್ಲಿ ಕುಟ್ಟಿ, ಜರಡಿ ಹಿಡಿದು, ಡಬ್ಬಿಗೆ ತುಂಬಿ ಕೊಟ್ಟೆ. ಕುಟ್ಟೋವಾಗ ಅವಳು ಅಲ್ಲಿರಲಿಲ್ಲ. ಅವಳು ಕಂಡಿದ್ದು ಹಗ್ಗದ ಮೇಲಿನ ಕಟ್ಟು, ಆಮೇಲೆ ಡಬ್ಬಿಯ ಪುಡಿ.

ಅವಳು ಮಾಡೋದನ್ನ ನಾನು ಲ್ಯಾಬಿನ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಪುಡಿಯನ್ನ ತಕ್ಕಡಿಯಲ್ಲಿ ತೂಗಿ ಒಂದು ಥರದ ಸ್ಪಿರಿಟ್ಟಿನಲ್ಲಿ ನೆನೆ ಹಾಕೋಳು. ಕುಡಿದರೆ ಕಣ್ಣು ಹೋಗುತ್ತೆ ಪಾಟಿ, ಮುಟ್ಟಬೇಡಿ ಅಂತಿದ್ದಳು. ಸೋಸಿ, ಆ ರಸವನ್ನ ಬಿಸಿನೀರಿನ ಮೇಲೆ ಗಿರಗಿರ ತಿರುಗೋ ಗಾಜಿನ ಬುರುಡೆಗೆ ಹಾಕಿದರೆ ಸ್ಪಿರಿಟ್ಟೆಲ್ಲ ಆವಿಯಾಗಿ, ತಳದಲ್ಲಿ ಕಾಕಂಬಿ ಥರ ಅಂಟು ಉಳೀತಿತ್ತು. ಅದನ್ನ ಚೂರೇ ಚೂರು ಕರಗಿಸಿ, ಸೂಜಿಯಂಥ ಗಾಜಿನ ಕೊಳವೆಯಲ್ಲಿ, ಬಿಳೀ ಪುಡಿ ಮೆತ್ತಿದ ಒಂದು ತಗಡಿನ ಮೇಲೆ ಚುಕ್ಕೆ ಇಡ್ತಿದ್ದಳು. ನಾವು ರಂಗೋಲಿಗೆ ಇಡ್ತೀವಲ್ಲ, ಸಾಲಾಗಿ, ಹಂಗೆ. ತಗಡಿನ ತಳ ಔಷಧಿ ನೀರಲ್ಲಿ ನಿಲ್ಲಿಸಿದರೆ ನೀರು ಮೇಲಕ್ಕೆ ಏರ್ತಾ ಚುಕ್ಕೆಯೊಳಗಿನ ಸರಕೆಲ್ಲ ಬೇರೆ ಬೇರೆಯಾಗಿ, ಒಂದು ಕೆಳಗೆ ಒಂದು ಮೇಲೆ ನಿಲ್ಲುತ್ತೆ. ಆಮೇಲೆ ನೀಲಿ ದೀಪದ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಒಂದೊಂದೂ ಒಂದೊಂದು ಬಣ್ಣ.

ಮಾವಿನ ಬದನಿಕೆಯಲ್ಲಿ ಒಂದು ಹಳದಿ ಚುಕ್ಕೆ ಬಂತು. ದಪ್ಪಗೆ. ಪಕ್ಕದಲ್ಲೇ ಅವಳು ಮಾವಿನ ಮರದಿಂದ ತೆಗೆದ ಶುದ್ಧ ಸರಕು ಇಟ್ಟಿದ್ದಳು, ಮ್ಯಾಂಜಿಫೆರಿನ್ ಅಂತ ಅದರ ಹೆಸರು. ಎರಡೂ ಒಂದೇ ಎತ್ತರ, ಒಂದೇ ಬಣ್ಣ. ದೊಡ್ಡ ಮಿಷನ್ನಿಗೂ ಹಾಕಿದಳು. ಅದು ಟೀವಿ ಮೇಲೆ ಗುಡ್ಡ ಗುಡ್ಡವಾಗಿ ಗೀಟು ಎಳೆಯುತ್ತೆ. ಕೃಷ್ಣಗಿರಿ ಬೆಟ್ಟ ನೆಟ್ಟಗೆ ನಿಂತ ಹಂಗೆ ಒಂದು ಗುಡ್ಡ, ಸರಿಯಾಗಿ ಅದೇ ಜಾಗದಲ್ಲಿ. ಹೊಂಗೆ ಬದನಿಕೆಯಲ್ಲೂ ಹೊಂಗೆಯ ಸರಕು ಸಿಕ್ಕಿತು.

ಹುಡುಗಿ ಓಡಿ ಶೆಡ್ಡಿಗೆ ಬಂದು ನನ್ನ ಎರಡೂ ಕೈ ಹಿಡಕೊಂಡಳು. "ಪಾಟಿ, ತಾಯಿ ಮರದ ಸತ್ವ ಬದನಿಕೆಗೆ ಬಂದಿದೆ! ಇಷ್ಟೊಂದು ಬರುತ್ತೆ ಅಂತ ನಾನು ಅಂದ್ಕೊಂಡಿರಲೇ ಇಲ್ಲ."

"ಇದನ್ನ ತಿಳ್ಕೊಳ್ಳಾಕೆ ಮಿಷನ್ ಬೇಕಾ? ನನ್ನ ಕೇಳಿದ್ರೆ ಹೇಳ್ತಿದ್ನಲ್ಲ" ಅಂದೆ.

ಮ್ಯಾನೇಜರಿಗೂ ಕುಣಿಯೋ ಹಂಗಾಯ್ತು. ಬೆಂಗಳೂರಿನ ಒಂದು ಔಷಧಿ ಕಂಪನಿಗೆ ಸ್ಯಾಂಪಲ್ ಕಳಿಸಿದ. ಅವರಿಗೂ ಆ ಗುಡ್ಡ ಕಂಡಿತು. ಮಾವಿನ ಬದನಿಕೆ ಸತ್ವ ದೊಡ್ಡ ಮಟ್ಟದಲ್ಲಿ ಬೇಕು, ಆ ಸರಕು ಇಷ್ಟು ಇರಲೇಬೇಕು ಅಂತ ಹೇಳಿದರು. ನನ್ನ ಕೈಯಲ್ಲಿ ಅಷ್ಟು ಕೀಳೋಕಾಗಲ್ಲ. ಮಾವಿನ ಕೊಯ್ಲು ಮುಗಿದು ತೋಟಗಳಲ್ಲಿ ಕೊಂಬೆ ಸವರೋ ಕಾಲ ಅದು. ಕೃಷ್ಣಗಿರಿ ಕಡೆಯಿಂದ ಮೂಟೆ ಮೂಟೆ ಬದನಿಕೆ ಲಾರಿಯಲ್ಲಿ ಬಂತು. ಒಣಗಿಸಿ, ಪುಡಿ ಮಾಡಿ, ದೊಡ್ಡ ಪಾತ್ರೆಯಲ್ಲಿ ಸತ್ವ ಇಳಿಸಿದರು. ಹುಡುಗಿ ಮಿಷನ್ನಿಗೆ ಹಾಕಿದಳು.

ಗುಡ್ಡ ಬರಲಿಲ್ಲ. ಆ ಜಾಗದಲ್ಲಿ ಗೀಟು ಗದ್ದೆ ಬಯಲಿನ ಹಂಗೆ ಸಪಾಟು.

ಅಲ್ಲಿಂದ ಅವಳ ಪಾಡು ಶುರುವಾಯ್ತು. ಒಣಗಿಸೋ ಬಿಸಿ ಜಾಸ್ತಿಯಾಯ್ತೇನೋ ಅಂತ ಮೂಟೆ ಬದನಿಕೆಯನ್ನೂ ನೆರಳಿಗೆ ಹಾಕಿಸಿದಳು. ಬರಲಿಲ್ಲ. ಎಳೆ ಎಲೆ ಬೇರೆ, ಬಲಿತ ಎಲೆ ಬೇರೆ ಮಾಡಿಸಿದಳು. ಬರಲಿಲ್ಲ. ಸ್ಪಿರಿಟ್ಟಿನ ಹೊಸ ಕ್ಯಾನು ಒಡೆದಳು, ಮಿಷನ್ನಿನ ಕೊಳವೆ ತೊಳೆದಳು. ಮಿಷನ್ನೇ ಕೆಟ್ಟಿದೆಯೇನೋ ಅಂತ ಶುದ್ಧ ಸರಕು ಹಾಕಿ ನೋಡಿದಳು, ಗುಡ್ಡ ನೆಟ್ಟಗೆ ಬಂತು. ನನ್ನ ಕೈಯಲ್ಲಿ ಹೊಸದಾಗಿ ಒಂದು ಡಬ್ಬಿ ಪುಡಿ ಮಾಡಿಸಿ ಹಾಕಿದಳು. ಅದರಲ್ಲೂ ಬಂತು. ನಾನು ಕೊಟ್ಟದ್ದರಲ್ಲಿ ಬರುತ್ತೆ, ಮೂಟೆಯದರಲ್ಲಿ ಬರಲ್ಲ.

ಇದು ಶೆಡ್ಡಲ್ಲೆಲ್ಲ ಹರಡಿತು. ನಾನು ಉಬ್ಬಿಹೋದೆ. ತೆಲುಗಿನಾಕೆ ನನ್ನ ಕೈ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿ, "ಅಕ್ಕಾ, ಈ ಕೈಗೆ ಮಿಷನ್ನೇ ನಮಸ್ಕಾರ ಹೊಡೀತದಂತೆ. ನನ್ನ ಸೊಂಟಕ್ಕೂ ಒಂಚೂರು ಮುಟ್ಟು" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಿಜ ಅಂದುಕೊಂಡೆ. ಊರಲ್ಲೂ ಹೇಳಿಕೊಂಡೆ. ಚಪ್ಪಲಿ ಹಾಕ್ಕೊಂಡು, ಬೀಡಿ ಕಚ್ಕೊಂಡು, ಹೊತ್ತು ಗೊತ್ತಿಲ್ಲದೆ ಕಿತ್ತು ನೆಲಕ್ಕೆಸೆದ ಬದನಿಕೇಲಿ ಏನ್ ಬರ್ತದೆ, ಮಣ್ಣು ಬರ್ತದೆ ಅಂದೆ.

ಹುಡುಗಿ ಆ ಮಾತನ್ನೂ ಬಿಡಲಿಲ್ಲ ನೋಡಿ. ಅಷ್ಟು ಓದಿದೋಳು, ನನ್ನ ಮಾತು ನಂಬಿ, ಬೆಳಿಗ್ಗೆ ಕಿತ್ತದ್ದು ಮಧ್ಯಾಹ್ನ ಕಿತ್ತದ್ದು, ನೆಲ ಮುಟ್ಟಿದ್ದು ಮುಟ್ಟದ್ದು ಅಂತ ಬೇರೆ ಬೇರೆ ಮಾಡಿಸಿ ಒಂದೊಂದನ್ನೂ ಮಿಷನ್ನಿಗೆ ಹಾಕಿದಳು. ಅದನ್ನೆಲ್ಲ ಕಿತ್ತೋರು ತೋಟದ ಆಳುಗಳು. ಯಾವುದರಲ್ಲೂ ಬರಲಿಲ್ಲ.

ಒಂದಿನ ಮ್ಯಾನೇಜರು ಅವಳನ್ನ ಶೆಡ್ಡಿನಲ್ಲೇ, ನಮ್ಮೆಲ್ಲರ ಎದುರಿಗೇ ನಿಲ್ಲಿಸಿಕೊಂಡ. "ಒಂದು ಅಜ್ಜಿ ಒರಳಲ್ಲಿ ಕುಟ್ಟಿದ್ರೆ ಬರುತ್ತೆ, ಇಷ್ಟೆಲ್ಲ ಮಿಷನ್ ಇಟ್ಕೊಂಡು ನೀನು ಮಾಡಿದ್ರೆ ಬರಲ್ಲ. ನೀನು ಓದಿದ್ದಾದ್ರೂ ಏನಮ್ಮ? ಆರ್ಡರ್ ಕೈ ಬಿಟ್ರೆ ನಿನ್ನನ್ನೂ ಇಟ್ಕೊಳ್ಳೋಕಾಗಲ್ಲ."

ಅವಳು ತಲೆ ಬಗ್ಗಿಸಿದಳು. ಅಲ್ಲಿ ನಾನು ಸುಮ್ಮನಿರಬೇಕಿತ್ತು. ನನ್ನ ಯಾರೂ ಕೇಳಿರಲಿಲ್ಲ.

"ಸಾರ್, ಈ ಮಕ್ಳಿಗೆ ಏನ್ ಗೊತ್ತಾಗ್ತದೆ? ಆ ನಾತದ ನೀರಲ್ಲಿ ಅದ್ದಿ ಅದ್ದಿ ಜೀವ ತೆಗೀತಾವ್ಳೆ. ಔಷಧಿಗೆ ಕೈಗುಣ ಬೇಕು" ಅಂದೆ.

ಅವಳು ತಲೆ ಎತ್ತಿ ನನ್ನ ಒಂದು ಸಲ ನೋಡಿದಳು. ಕೋಪ ಇರಲಿಲ್ಲ. ಅಲ್ಲಾ ಪಾಟಿ, ನೀವೂನಾ ಅನ್ನೋ ಹಂಗೆ ನೋಡಿದಳು, ಅಷ್ಟೇ. ಆಮೇಲೆ ಲ್ಯಾಬಿಗೆ ಹೋದಳು.

ಆದರೂ ಮಾರನೇ ವಾರ ಅವಳೇ ಬಂದು, "ಪಾಟಿ, ನೀವು ಮಾಡೋದನ್ನ ಮರದಿಂದ ಡಬ್ಬಿವರೆಗೂ ಪಕ್ಕದಲ್ಲಿದ್ದು ನೋಡ್ತೀನಿ, ಪರವಾಗಿಲ್ಲವಾ?" ಅಂತ ಕೇಳಿದಳು. ನಂಗೆ ಇನ್ನೂ ಜಂಬ. "ನೋಡು, ಕಲ್ತ್ಕೊ" ಅಂದೆ. ತೋಟಕ್ಕೆ ಬಂದಳು. ಬಟ್ಟೆಯ ಒಂದು ತುದಿ ಅವಳೇ ಹಿಡಿದಳು. ಆದರೆ ಅವತ್ತು ಪಟ್ಟೆ ಸುಲಿದು ಕಟ್ಟೋ ಹೊತ್ತಿಗೆ ತೋಟದೋನು ಅವಳನ್ನ ಮಾತಿಗೆ ಹಿಡಕೊಂಡಿದ್ದ, ಈ ಬದನಿಕೆಗೆ ಏನು ಔಷಧಿ ಹೊಡೆದರೆ ಸಾಯುತ್ತೆ ಅಂತ. ಅವಳು ತಿರುಗೋದರೊಳಗೆ ಕಟ್ಟಿ ಮುಗಿಸಿದ್ದೆ.

ಒಣಗಿದ ಮೇಲೆ ಒರಳಿನ ಹತ್ತಿರ ಒಂದು ಸ್ಟೂಲು ಹಾಕ್ಕೊಂಡು ಕೂತಳು. ನಾನು ಒಂದು ಕಟ್ಟು ಎತ್ತಿ ಒರಳಿಗೆ ಹಾಕಿ ಒನಕೆ ಎತ್ತಿದೆ.

"ಪಾಟಿ, ಒಂದ್ನಿಮಿಷ. ಇದೇನು?"

"ಪಟ್ಟೆ."

"ಯಾವುದರದ್ದು?"

"ಅದೇ ಮರದ್ದು. ಮಾವಿಂದು. ಇನ್ಯಾವುದ್ರಲ್ಲಿ ಕಟ್ತಾರೆ?"

"ಕುಟ್ಟೋಕ್ಕೆ ಮುಂಚೆ ತೆಗೆಯಲ್ವಾ?"

"ತಾಯಿನ ಬಿಟ್ಟು ಮಗೂನ ಕುಟ್ಬಾರ್ದು ಕಣಮ್ಮಿ. ಅದೇ ಕ್ರಮ."

ಅವಳು ಕೈ ಚಾಚಿ ಒರಳೊಳಗಿಂದ ಆ ಕಟ್ಟನ್ನ ಎತ್ತಿಕೊಂಡಳು. ಪಟ್ಟೆಯ ತುದಿ ಹುಡುಕಿ ನಿಧಾನಕ್ಕೆ ಬಿಚ್ಚಿದಳು. ಒಣಗಿತ್ತಲ್ಲ, ಚೂರು ಚೂರಾಗಿ ಬಂತು. ಎಲೆ ಒಂದು ಕಾಗದದ ಮೇಲೆ, ಪಟ್ಟೆ ಒಂದು ಕಾಗದದ ಮೇಲೆ ಇಟ್ಟಳು. ನಂಗೆ ಇನ್ನೂ ಗೊತ್ತಾಗಿರಲಿಲ್ಲ. "ಯಾಕೆ, ಏನಾಯ್ತು?" ಅಂದೆ. "ಸ್ವಲ್ಪ ಹೊತ್ತು ಪಾಟಿ" ಅಂದಳು.

ಸಾಯಂಕಾಲ ನನ್ನನ್ನ ಲ್ಯಾಬಿಗೆ ಕರೆದಳು. ಅದೇ ಮೊದಲು ನಾನು ಆ ಬಾಗಿಲು ದಾಟಿದ್ದು. ನೀಲಿ ದೀಪದ ಪೆಟ್ಟಿಗೆಯೊಳಗೆ ಒಂದು ತಗಡು ಇತ್ತು. "ನೋಡಿ ಪಾಟಿ. ಇದು ಶುದ್ಧ ಸರಕು. ಇದು ಎಲೆ ಮಾತ್ರ. ಇದು ಎಲೆ, ಪಟ್ಟೆ ಎರಡೂ. ಇದು ಪಟ್ಟೆ ಮಾತ್ರ."

ಶುದ್ಧ ಸರಕಿನ ಹಳದಿ ಚುಕ್ಕೆ ಇತ್ತು. ಎಲೆ ಸಾಲಿನಲ್ಲಿ ಅದೇ ಎತ್ತರಕ್ಕೆ ಏನೋ ಮಂಕು ನೆರಳು, ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಎಲೆ ಪಟ್ಟೆ ಸೇರಿದ್ದರಲ್ಲಿ ಚುಕ್ಕೆ ದಪ್ಪ. ಪಟ್ಟೆ ಮಾತ್ರ ಇದ್ದ ಕಡೆ, ಅಮ್ಮಮ್ಮಾ, ಅರಿಶಿನ ಚೆಲ್ಲಿದ ಹಂಗೆ ಹಳದಿ. ಅಕ್ಷರ ಬಾರದೋಳಿಗೂ ಓದೋಕೆ ಬರ್ತಿತ್ತು.

ಆ ಸತ್ವ ಬದನಿಕೆ ಕುಡಿದದ್ದಲ್ಲ. ನಾನು ಕಟ್ಟಿ, ಕುಟ್ಟಿ, ಸೇರಿಸಿದ್ದು. ಹೊಂಗೆಯದೂ ಅದೇ ಕಥೆ. ಅವಳು ಅಷ್ಟು ದಿನ ಮಿಷನ್ನಿನ ಮುಂದೆ ಕೂತು ಅಳತೆ ಮಾಡಿದ್ದು ನಾನು ಸುತ್ತಿದ ಸುತ್ತನ್ನ. ಉಪ್ಪು ಹುಳೀನಾ ಅಂತ ಕೇಳಿದ್ದೆ.

"ನಾನು ಮೊದಲನೇ ದಿನವೇ ಪಕ್ಕದಲ್ಲಿ ಕೂತು ನೋಡಬೇಕಿತ್ತು" ಅಂದಳು ಅವಳು. ನನ್ನ ಒಂದು ಮಾತು ಅನ್ನಲಿಲ್ಲ.

ಮ್ಯಾನೇಜರ ರೂಮಿಗೆ ಇಬ್ಬರೂ ಹೋದೆವು. ಅವಳು ಎಲ್ಲ ಹೇಳಿದಳು. ನನ್ನ ಹೆಸರು ಹಾಕದೆ, ಸ್ಯಾಂಪಲ್‌ನಲ್ಲಿ ತೊಗಟೆ ಸೇರಿತ್ತು ಸಾರ್, ತಪ್ಪು ನಂದು ಅಂದಳು. ಅವನು ನನ್ನ ಕಡೆ ತಿರುಗಿದ. ಈಗ ಬೈತಾನೆ ಅಂತ ಸೆರಗು ಸರಿ ಮಾಡಿಕೊಂಡು ನಿಂತೆ. ನಕ್ಕುಬಿಟ್ಟ.

"ಅವಳಿಗೇನು ಗೊತ್ತಾಗುತ್ತೆ ಬಿಡು, ಹಳೇ ಕಾಲದ ಹೆಂಗಸು" ಅಂದ.

ಹಾಲಿಗೆ ಬಾಯಿ ಹಾಕಿದ ಬೆಕ್ಕನ್ನಾದರೂ ಕೋಲು ತಗೊಂಡು ಅಟ್ಟಿಸ್ತಾರೆ. ನನಗೆ ಅಷ್ಟೂ ಇಲ್ಲ. ಇದೇ ಮಾತನ್ನ ನಾನು ಆ ಹುಡುಗಿಗೆ ಶೆಡ್ಡಿನಲ್ಲಿ ಅಂದದ್ದು, ಇವರಿಗೇನು ಗೊತ್ತಾಗುತ್ತೆ ಅಂತ. ಅವಳಿಗೆ ಅಂದಾಗ ಬೈಗುಳ ಆಗಿತ್ತು, ನನಗೆ ಅಂದಾಗ ಕ್ಷಮೆ ಆಯ್ತು. ಆ ಕ್ಷಮೆ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಮ್ಯಾನೇಜರು ಪೆನ್ನು ಕುಟ್ಟುತ್ತಾ ಮೆಲ್ಲಗೆ, "ಅಲ್ಲಮ್ಮಾ, ಇದು ಒಳ್ಳೇದೇ ಆಯ್ತಲ್ಲ. ಪಟ್ಟೆಯಿಂದ ಬರುತ್ತೆ ಅಂದ್ರೆ ಪಟ್ಟೆ ಹಾಕೋಣ. ಮಾವಿನ ಪಟ್ಟೆಗೇನು ಬರ. ದೊಡ್ಡ ಬ್ಯಾಚಿಗೂ ಸೇರಿಸಿಬಿಡು. ಗುಡ್ಡ ಬರುತ್ತಾ ಇಲ್ವಾ?" ಅಂದ.

"ಬರುತ್ತೆ ಸಾರ್. ಆದ್ರೆ ಅದು ಬದನಿಕೆ ಅಲ್ಲ, ಮಾವಿನ ತೊಗಟೆ. ಅವ್ರು ಕೇಳಿರೋದು ಬದನಿಕೆ ಸತ್ವ."

"ಸುಳ್ಳೇನು ಹೇಳ್ತಿಲ್ಲವಲ್ಲ. ಇದು ಇವರ ಪರಂಪರೆ ಕ್ರಮ. ತಾಯಿನ ಬಿಟ್ಟು ಮಗೂನ ಕುಟ್ಟಬಾರದು. ಎಷ್ಟು ಚೆನ್ನಾಗಿದೆ! ನಾಳೆ ಬೆಂಗಳೂರಿಂದ ಅವರ ಕಡೆಯೋರು ಬರ್ತಾರೆ. ಅವ್ವ ಅವರೆದುರಿಗೆ ಕೂತು ಪಟ್ಟೆ ಕಟ್ಟಿ ತೋರಿಸ್ಲಿ, ಆ ಮಾತೂ ಹೇಳ್ಲಿ. ನೀನು ರಿಪೋರ್ಟಿಗೆ ಸೈನ್ ಹಾಕು, ಪರ್ಮನೆಂಟ್ ಆಗು. ಏನವ್ವಾ?"

"ಆಗಲಿ ಸಾರ್" ಅಂದೆ.

ಯೋಚನೆ ಮಾಡಿ ಅಂದದ್ದಲ್ಲ. ದೊಡ್ಡೋರು ಏನವ್ವಾ ಅಂದರೆ ನಾಲಿಗೆ ತಾನೇ ಆಗಲಿ ಅನ್ನುತ್ತೆ, ಅಷ್ಟು ವರ್ಷ ಹಂಗೇ ಅಂದು ಅಭ್ಯಾಸ. ಹುಡುಗಿ ನನ್ನ ಕಡೆ ನೋಡಲೂ ಇಲ್ಲ. ಹೊರಗೆ ಬಂದಮೇಲೆ, "ನೀವು ಕಟ್ಟಿ ಪಾಟಿ. ನಿಮ್ಮ ಮೇಲೆ ನಂಗೇನಿಲ್ಲ. ನಾನು ಸೈನ್ ಹಾಕಲ್ಲ, ಊರಿಗೆ ಹೋಗ್ತೀನಿ" ಅಂದಳು.

ಕಂಪನಿ ವ್ಯಾನಿನಲ್ಲಿ ಮನೆಗೆ ಬಂದೆ. ಕ್ರಮ ಅನ್ನೋದಾದರೂ ನಮ್ಮದು ನಿಜವಾಗಿ ಇದೆಯಲ್ಲ, ಅದೇನು ಸುಳ್ಳಲ್ಲವಲ್ಲ ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಅದನ್ನೇ ಗಟ್ಟಿ ಮಾಡಿಕೊಳ್ಳೋಣ ಅಂತ ರಾಯಕೋಟೆಯಲ್ಲಿರೋ ನಾದಿನಿಗೆ ಫೋನು ಹಚ್ಚಿದೆ. ಅತ್ತೆ ಔಷಧಿ ಕುಟ್ಟೋವಾಗ ಸೊಸೇರನ್ನ ಹತ್ತಿರ ಸೇರಿಸ್ತಿರಲಿಲ್ಲ, ಮಗಳನ್ನ ಮಾತ್ರ ಕೂರಿಸಿಕೊಳ್ಳೋಳು. ನಾನು ಕಂಡಿದ್ದು ಕಟ್ಟೋದನ್ನ, ನೇತು ಹಾಕೋದನ್ನ. ಕುಟ್ಟೋದನ್ನಲ್ಲ.

"ಏನತ್ಗೆ, ಈ ಹೊತ್ನಲ್ಲಿ? ಯಾರ್ಗೇನಾಯ್ತು?"

"ಯಾರ್ಗೂ ಏನೂ ಆಗಿಲ್ಲ. ನಿಮ್ಮಮ್ಮ ಬದನಿಕೆ ಕುಟ್ಟೋವಾಗ ಪಟ್ಟೆ ಏನ್ಮಾಡ್ತಿದ್ಲು?"

"ಯಾವ ಪಟ್ಟೆ?"

"ಕಟ್ಟಿರೋ ಪಟ್ಟೆ ಕಣೆ."

"ಬಿಚ್ಚಿ ಒಲೆಗಾಕ್ತಿದ್ಲು. ಇನ್ನೇನ್ ತಲೆಗೆ ಮುಡ್ಕೊಂತಿದ್ಲಾ?"

"ಹಂಗಾದ್ರೆ ಅದೇ ಮರದ ಪಟ್ಟೇಲಿ ಕಟ್ಟೋದ್ಯಾಕೆ?"

"ಗುರುತಿಗೆ! ಒಣಗಿದ್ಮೇಲೆ ಮಾವಿಂದ್ಯಾವ್ದು, ಹೊಂಗೇದ್ಯಾವ್ದು, ಎಲ್ಲಾ ಒಂದೇ ಥರ. ಪಟ್ಟೆ ನೋಡಿದ್ರೆ ಗೊತ್ತಾಯ್ತದೆ. ನಮ್ಮಮ್ಮಂಗೆ ಅಕ್ಷರ ಬತ್ತಿತ್ತಾ, ಚೀಟಿ ಬರ್ದು ಅಂಟ್ಸಾಕೆ?"

"ತಾಯಿನ ಬಿಟ್ಟು ಮಗೂನ ಕುಟ್ಬಾರ್ದು ಅಂತಿದ್ಲಲ್ಲ?"

"ಯಾರು, ನಮ್ಮಮ್ಮನಾ? ನಾನಂತೂ ಕೇಳಿಲ್ಲ. ಅದು ನೀನೇ ಹೇಳ್ತಿದ್ದ ಮಾತು. ನಾವೆಲ್ಲ ನಿಮ್ಮ ತವರಿಂದು ಅನ್ಕಂಡಿದ್ವಿ." ಆಮೇಲೆ ದನಿ ಬದಲಾಯಿಸಿ, "ಯಾಕತ್ಗೆ? ನೀನು ಪಟ್ಟೆ ಸೇರ್ಸೇ ಕುಟ್ತಿದ್ಯಾ? ಇಷ್ಟು ವರ್ಷವೂ?" ಅಂದಳು.

ಒಲೆ ಮೇಲೆ ಅನ್ನ ಅದೆ ಅಂತ ಹೇಳಿ ಫೋನು ಇಟ್ಟೆ.

ಯಾವಾಗ ಆ ಮಾತು ಹುಟ್ಟಿಸಿದೆನೋ ಗೊತ್ತಿಲ್ಲ. ಪಟ್ಟೆ ಬಿಚ್ಚೋಕೆ ಸೋಮಾರಿತನ ಮಾಡಿದ್ದಾಗ ಯಾರೋ ಕೇಳಿರಬೇಕು, ನಾನು ಏನೋ ಒಂದು ಹೇಳಿರಬೇಕು. ಕೇಳಿದೋರು ತಲೆದೂಗಿರಬೇಕು. ತಲೆದೂಗಿದರಲ್ಲ ಅಂತ ಇನ್ನೊಂದು ಸಲ ಹೇಳಿದೆ. ಹಂಗೇ ಅದು ಕ್ರಮ ಆಯ್ತು, ಅತ್ತೆ ತಲೆ ಮೇಲೂ ಕೂತಿತು. ನಾಳೆ ಬೆಂಗಳೂರಿಗೆ ಹೋಗಿ ಡಬ್ಬಿ ಮೇಲೂ ಕೂರೋದು.

ಮಾರನೇ ದಿನ ಬೆಳಿಗ್ಗೆ ಮೊದಲನೇ ವ್ಯಾನಿಗೇ ಹೋದೆ. ಬರೋರಿಗೆ ತೋರಿಸೋಕೆ ಅಂತ ಮ್ಯಾನೇಜರು ಕುಟ್ಟದೆ ಉಳಿದಿದ್ದ ನನ್ನ ಕಟ್ಟುಗಳನ್ನೆಲ್ಲ ಶೆಡ್ಡಿನ ಮುಂದಿನ ಹಗ್ಗಕ್ಕೆ ಚೆಂದವಾಗಿ ನೇತು ಹಾಕಿಸಿದ್ದ. ಕೆಳಗೆ ಹೊಸ ಚಾಪೆ ಹಾಸಿತ್ತು. ನಾನು ಚಾಪೆ ಮೇಲೆ ಕೂತು ಒಂದೊಂದೇ ಕಟ್ಟು ಇಳಿಸಿ ಪಟ್ಟೆ ಬಿಚ್ಚೋಕೆ ಶುರು ಮಾಡಿದೆ. ಎಲೆ ಬಲಕ್ಕೆ, ಪಟ್ಟೆ ಎಡಕ್ಕೆ. ತೆಲುಗಿನಾಕೆ ಬಂದು, "ಅಯ್ಯೋ ಅಕ್ಕಾ, ಕಟ್ಟೋದು ತೋರ್ಸು ಅಂದ್ರೆ ಬಿಚ್ತಾ ಕುಂತಿದ್ದೀಯಲ್ಲ, ತಲೆ ಕೆಟ್ಟಿದ್ಯಾ?" ಅಂದಳು. ನಾನು ಇನ್ನೊಂದು ಕಟ್ಟು ಇಳಿಸಿದೆ.

ಕಾರು ಬಂತು. ಬೆಂಗಳೂರಿನಿಂದ ಬಂದದ್ದು ಒಬ್ಬ ನಡುವಯಸ್ಸಿನ ಹೆಂಗಸು, ಇಂಗ್ಲಿಷು ಬಿಟ್ಟು ನಮ್ಮ ಯಾವ ಭಾಷೆಯೂ ಆಕೆಗೆ ಬರ್ತಿರಲಿಲ್ಲ. ಮ್ಯಾನೇಜರು ಆಕೆಯನ್ನ ಚಾಪೆ ಹತ್ತಿರ ಕರಕೊಂಡು ಬಂದು ನನ್ನ ನೋಡಿ ನಿಂತುಬಿಟ್ಟ. ಹುಡುಗಿ ಲ್ಯಾಬಿನ ಬಾಗಿಲಲ್ಲಿದ್ದಳು, ಬ್ಯಾಗು ಹೆಗಲ ಮೇಲೇ ಇತ್ತು.

"ಅವ್ವಾ, ಕಟ್ಟಿ ತೋರ್ಸು" ಅಂದ.

ನಾನು ಪಟ್ಟೆಯ ಒಂದು ತುಂಡು ಎತ್ತಿ ಹಿಡಿದೆ. "ಇದು ಗುರುತಿಗೆ ಕಟ್ಟೋದು. ಕುಟ್ಟೋಕ್ಮುಂಚೆ ಬಿಚ್ಚಿ ಒಲೆಗೆ ಹಾಕ್ಬೇಕು. ನಾನು ಬಿಚ್ಚದೆ ಕುಟ್ಟಿ ಕೊಟ್ಟೆ. ನಿಮ್ಗೆ ಬಂದಿದ್ದು ಬದನಿಕೆ ಸತ್ವ ಅಲ್ಲ, ಮಾವಿನ ಪಟ್ಟೇದು. ನಂಗೆ ಗೊತ್ತಿರ್ಲಿಲ್ಲ."

ನಂಗೆ ಗೊತ್ತಿರಲಿಲ್ಲ ಅನ್ನೋ ಮಾತು ಶೆಡ್ಡಿನೋರೆಲ್ಲ ನನ್ನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಮ್ಯಾನೇಜರು ನಗುಮುಖ ಮಾಡಿ ಆಕೆಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಆಕೆಯೂ ನಗುತ್ತಾ ತಲೆ ಆಡಿಸಿ, ನನ್ನ ಫೋಟೋ ತೆಗೆಯೋಕೆ ಫೋನು ಎತ್ತಿದಳು. ನಾನು ಹೇಳಿದ್ದಕ್ಕೆ ಯಾರಾದರೂ ನಗ್ತಾರಾ? ಅವನು ಬೇರೆ ಏನೋ ಹೇಳಿದ ಅಂತ ಗೊತ್ತಾಯ್ತು. ಬಾಗಿಲ ಕಡೆ ತಿರುಗಿದೆ.

"ಅಮ್ಮಿ, ನೀನು ಹೇಳು. ನಾನು ಏನಂದ್ನೋ ಅದನ್ನೇ ಹೇಳು, ನನ್ನ ಉಳಿಸ್ಬೇಡ" ಅಂದೆ. ಎಲ್ಲಿ ತಪ್ಪಿಹೋಗುತ್ತೋ ಅಂತ ಇನ್ನೊಂದು ಸಲ ಮೊದಲಿಂದ ಹೇಳಿದೆ, ಗಟ್ಟಿಯಾಗಿ.

ಹುಡುಗಿ ಬ್ಯಾಗು ಕೆಳಗಿಟ್ಟಳು. ಹತ್ತಿರ ಬಂದು ನನ್ನ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ನಿಧಾನಕ್ಕೆ ಹೇಳಿದಳು. ಆಕೆಯ ಫೋನು ಕೆಳಗಿಳಿಯಿತು. ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಎಡಗಡೆ ಗುಡ್ಡೆಯಿಂದ ಒಂದು ಚೂರು ಪಟ್ಟೆ ತಗೊಂಡು ಮೂಸಿ ನೋಡಿದಳು. ಆಮೇಲೆ ಹುಡುಗಿಯನ್ನ ಏನೋ ಕೇಳಿದಳು. ಇಬ್ಬರೂ ಲ್ಯಾಬಿನ ಕಡೆ ಹೋದರು. ಮ್ಯಾನೇಜರು ಅವರ ಹಿಂದೆ ಹೋದ.

ಹಗ್ಗದ ಮೇಲೆ ಇನ್ನೂ ಕಟ್ಟುಗಳಿದ್ದವು. ತಲೆ ಎತ್ತದೆ ಬಿಚ್ತಾ ಕೂತೆ.